ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುವುದಿಲ್ಲ: ಹಳೆಯ ಪಿಕಪ್‌ನ ಇಗ್ನಿಷನ್ ಸ್ವಿಚ್ ಸವೆದಿದೆಯೇ?

ಪ್ರಶ್ನೆ – ಮುಳಬಾಗಿಲು ಟೊಮೆಟೊ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2007ರ ಮಾದರಿಯ ಡೀಸೆಲ್ ಪಿಕಪ್ ಇದೆ. ಮುಳಬಾಗಿಲಿನ ಹತ್ತಿರದ ನಮ್ಮ ತೋಟದಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುವುದೇ ಅದರ ಮುಖ್ಯ ಕೆಲಸ. ಮೂರು ತಿಂಗಳಿಂದ ಹತ್ತು ಸಲ ಕೀ ತಿರುಗಿಸಿದರೆ ಮೂರ್ನಾಲ್ಕು ಸಲ ಸೆಲ್ಫ್ ಹೊಡೆಯುವುದಿಲ್ಲ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಉರಿಯುತ್ತವೆ, ಆದರೆ ಕೀಯನ್ನು ಕೊನೆಯವರೆಗೆ ತಿರುಗಿಸಿದರೂ ‘ಟಕ್’ ಎಂಬ ಸದ್ದು ಕೂಡ ಬರುವುದಿಲ್ಲ. ಕೀಯನ್ನು ತುಸು ಒಳಕ್ಕೆ ಒತ್ತಿ ಅಲುಗಾಡಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಇಂಜಿನ್ ಸ್ಟಾರ್ಟ್ ಆಗುತ್ತದೆ.

ಬ್ಯಾಟರಿ ಹೋಗಿದೆ ಎಂದು ಒಬ್ಬರು ಹೇಳಿದ್ದರಿಂದ 6,200 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿಸಿ ಕಾರ್ಬನ್ ಬ್ರಷ್‌ಗಳನ್ನೂ ಬದಲಾಯಿಸಿದ್ದಾಯಿತು. ಫಲ ಸೊನ್ನೆ. ಈಗ ಪೂರ್ತಿ ವೈರಿಂಗ್ ಬದಲಿಸಬೇಕೆಂದು ಹೇಳುತ್ತಿದ್ದಾರೆ. ಇದಕ್ಕಿಂತ ಹೆಚ್ಚು ಹೆದರಿಸಿದ್ದು ಕಳೆದ ವಾರದ ಘಟನೆ. ಬೆಳಗಿನ ಜಾವ ಮೂರು ಗಂಟೆಗೆ, ತುಂಬಿದ ಲೋಡಿನೊಂದಿಗೆ ಒಂದು ಹಂಪ್ ದಾಟುತ್ತಿದ್ದಂತೆಯೇ ಇಂಜಿನ್ ಬಂದ್ ಬಿತ್ತು, ಮೀಟರಿನ ದೀಪಗಳೆಲ್ಲ ಆರಿಹೋದವು, ಹೆಡ್‌ಲೈಟ್ ಮಾತ್ರ ಉರಿಯುತ್ತಲೇ ಇತ್ತು. ಸ್ಟಿಯರಿಂಗ್ ಕಲ್ಲಿನಂತೆ ಗಟ್ಟಿಯಾಯಿತು, ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಕೀ ಮುಟ್ಟಿದ ಕೂಡಲೇ ದೀಪಗಳು ಮತ್ತೆ ಬಂದವು.

ಇನ್ನೊಂದು ವಿಷಯ: ಇಂಜಿನ್ ಓಡುತ್ತಿರುವಾಗಲೇ ಕೀಯನ್ನು ಎಳೆದು ತೆಗೆಯಬಹುದು. ಎರಡು ವರ್ಷದಿಂದ ಹೀಗೇ ಇದೆ, ನಮ್ಮ ತಂದೆಯವರು ಮನೆಗೆ ಬಂದವರಿಗೆ ಇದನ್ನು ತಮಾಷೆಯಾಗಿ ತೋರಿಸುತ್ತಿದ್ದರು. ವೈರಿಂಗ್‌ಗೆ ಕೈ ಹಾಕುವ ಮೊದಲು ನಾನೇ ಪರೀಕ್ಷಿಸಿ ನೋಡಬಹುದಾದದ್ದು ಏನಾದರೂ ಇದೆಯೇ? ಮೀಟರ್ ಹಿಡಿದು ವೋಲ್ಟ್ ನೋಡುವಷ್ಟು ಗೊತ್ತಿದೆ.

ಉತ್ತರ – ದಾವಣಗೆರೆ ಆಟೋ ಎಲೆಕ್ಟ್ರಿಷಿಯನ್

ಸರ್, ಹೆಡ್‌ಲೈಟ್ ಉರಿಯುತ್ತಿತ್ತು, ಮೀಟರಿನ ದೀಪಗಳು ಆರಿದವು ಎಂಬ ಒಂದು ವಾಕ್ಯದಲ್ಲಿಯೇ ಅರ್ಧ ಉತ್ತರ ಇದೆ. ಕೀ ತೆಗೆದ ಮೇಲೂ ನಿಮ್ಮ ಗಾಡಿಯ ಹೆಡ್‌ಲೈಟ್ ಉರಿಯುತ್ತದೆಯೇ ಎಂದು ಮೊದಲು ನೋಡಿ. ಉರಿಯುವುದಾದರೆ ಅದಕ್ಕೆ ಕರೆಂಟ್ ಬ್ಯಾಟರಿಯಿಂದ ನೇರವಾಗಿ ಹೋಗುತ್ತಿದೆ, ಹಾಗಾಗಿ ಆ ರಾತ್ರಿ ಬ್ಯಾಟರಿ, ಅದರ ಟರ್ಮಿನಲ್, ಮುಖ್ಯ ಅರ್ಥ್ ಮೂರೂ ಸರಿಯಾಗಿದ್ದವು ಎಂದಾಯಿತು. ಕೀ ಮೂಲಕ ಹೋಗುವ ಲೈನ್ ಮಾತ್ರ ಕಡಿದಿತ್ತು. ರೋಟರಿ ಡೀಸೆಲ್ ಪಂಪಿನಲ್ಲಿ ಕರೆಂಟ್ ಇದ್ದಾಗ ಮಾತ್ರ ಡೀಸೆಲ್ ಬಿಡುವ ಕವಾಟವಾದ ಸ್ಟಾಪ್ ಸೊಲೆನಾಯ್ಡ್‌ಗೂ ಅದೇ ಲೈನ್‌ನಿಂದ ಕರೆಂಟ್ ಹೋಗುವುದರಿಂದ, ಅದು ತಪ್ಪಿದ ಕ್ಷಣವೇ ಡೀಸೆಲ್ ಕಡಿದು ಇಂಜಿನ್ ನಿಲ್ಲುತ್ತದೆ. ಸೊಲೆನಾಯ್ಡ್‌ನ ವಯರ್ ಒಂದೇ ಸಡಿಲವಾಗಿದ್ದರೆ ಇಂಜಿನ್ ನಿಲ್ಲುತ್ತಿತ್ತು, ಆದರೆ ಮೀಟರಿನ ದೀಪಗಳು ಆರುತ್ತಿರಲಿಲ್ಲ.

ನಾವು ‘ಕೀ ಸೆಟ್’ ಎಂದು ಒಟ್ಟಾಗಿ ಕರೆಯುವುದರಲ್ಲಿ ನಿಜವಾಗಿ ಮೂರು ಬೇರೆ ಬೇರೆ ವಸ್ತುಗಳಿವೆ: ಕೀ, ಅದು ಒಳಹೋಗುವ ಲಾಕ್, ಮತ್ತು ಲಾಕಿನ ಹಿಂಭಾಗಕ್ಕೆ ಎರಡು ಸಣ್ಣ ಸ್ಕ್ರೂಗಳಿಂದ ಕೂಡಿಸಿರುವ ಪ್ಲಾಸ್ಟಿಕ್‌ನ ಸ್ವಿಚ್. ಕರೆಂಟ್ ಕೂಡಿಸುವುದೂ ಕಡಿಯುವುದೂ ಈ ಮೂರನೆಯದು. ಸೆಲ್ಫ್ ಸೊಲೆನಾಯ್ಡ್ (ಸೆಲ್ಫ್ ಮೋಟಾರನ್ನು ಕೂಡಿಸುವ ವಿದ್ಯುತ್ ಅಯಸ್ಕಾಂತ) ಎಳೆದುಕೊಳ್ಳುವ ಮೊದಲ ಕ್ಷಣದಲ್ಲಿ ಹತ್ತಾರು ಆಂಪಿಯರ್ ಕೇಳುತ್ತದೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಕೂಡಿಸುವ ಸ್ವಿಚ್) ಇಲ್ಲದ ಹಳೆಯ ಗಾಡಿಗಳಲ್ಲಿ ಅಷ್ಟೂ ಕರೆಂಟ್ ಕಡಲೆಬೇಳೆಯಷ್ಟಿರುವ ತಾಮ್ರದ ಕಾಂಟ್ಯಾಕ್ಟ್ ಮೇಲೆಯೇ ಹಾದುಹೋಗಬೇಕು, ಪ್ರತಿ ಸಲವೂ ಅಲ್ಲೊಂದು ಸಣ್ಣ ಕಿಡಿ ಹಾರುತ್ತದೆ, ವರ್ಷಗಳು ಕಳೆದಂತೆ ಅಲ್ಲಿ ಗುಳಿ ಬೀಳುತ್ತದೆ.

ಪರೀಕ್ಷೆ ಹೀಗೆ ಮಾಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಸ್ಟಿಯರಿಂಗ್ ಕಾಲಂನ ಕವರ್ ಬಿಚ್ಚಿ, ಸ್ವಿಚ್ಚಿಗೆ ವಯರುಗಳನ್ನು ಕೂಡಿಸುವ ಕಪ್ಲರ್ ತೆಗೆಯದೆ ಹಿಂದಿನಿಂದ ಮೀಟರಿನ ಮೊನೆ ತೂರಿಸಿ. ಕೆಂಪು ಮೊನೆ ಬ್ಯಾಟರಿಯಿಂದ ಬರುವ ದಪ್ಪ ವಯರಿಗೆ, ಕಪ್ಪು ಮೊನೆ ಸೆಲ್ಫ್‌ಗೆ ಹೋಗುವ ವಯರಿಗೆ. ಸ್ವಿಚ್ ಮೇಲೆ 30, 15, 50 ಎಂದು ಅಂಕಿಗಳಿದ್ದರೆ ಕ್ರಮವಾಗಿ ಬ್ಯಾಟರಿ, ಇಗ್ನಿಷನ್, ಸೆಲ್ಫ್ ಎಂದು ತಿಳಿಯಿರಿ. ಕೀ ತಿರುಗಿಸುವ ಮೊದಲು ಮೀಟರ್ ಹನ್ನೆರಡೂವರೆ ವೋಲ್ಟ್ ತೋರಿಸುತ್ತದೆ, ಅದನ್ನು ಕಂಡು ಗಾಬರಿಯಾಗಬೇಡಿ, ತೆರೆದಿರುವ ಕಾಂಟ್ಯಾಕ್ಟ್‌ನ ಎರಡು ಕಡೆ ಅಷ್ಟು ಇರಲೇಬೇಕು. ಸೆಲ್ಫ್ ಹೊಡೆಯುವಾಗ ಅದು 0.2 ಅಥವಾ 0.3ಕ್ಕೆ ಇಳಿಯಬೇಕು. ಒಂದಕ್ಕಿಂತ ಮೇಲೆ ನಿಂತರೆ ಕಾಂಟ್ಯಾಕ್ಟ್ ಸುಟ್ಟಿದೆ, ಇಳಿಯದೇ ಇದ್ದರೆ ಅದು ಕೂಡುತ್ತಲೇ ಇಲ್ಲ. ಆಮೇಲೆ ಕೀ ‘ಆನ್’ನಲ್ಲಿಟ್ಟು 30 ಮತ್ತು 15ರ ನಡುವೆಯೂ ಹೀಗೆಯೇ ನೋಡಿ, ನೋಡುವಾಗ ಕೀಯನ್ನು ಮೆಲ್ಲಗೆ ಅಲುಗಾಡಿಸಿ. ದಯವಿಟ್ಟು ಅಳತೆ ಬರುವವರೆಗೆ ಏನನ್ನೂ ಕೊಳ್ಳಬೇಡಿ.

ಉತ್ತರ – ಹಾಸನ ಲೋಡ್ ಗಾಡಿ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಡ್ಯಾಶ್‌ಬೋರ್ಡಿಗೆ ಒಂದು ಪುಶ್ ಬಟನ್ ಕೂರಿಸಿ, ಸೆಲ್ಫ್ ಅದರಿಂದ ಹೊಡೆಯಿರಿ. ನಾನು ಐದು ವರ್ಷದಿಂದ ಹಾಗೆಯೇ ಓಡಿಸುತ್ತಿದ್ದೇನೆ.

ಉತ್ತರ – ದಾವಣಗೆರೆ ಆಟೋ ಎಲೆಕ್ಟ್ರಿಷಿಯನ್

ಬಟನ್‌ನಿಂದ ಸೆಲ್ಫ್ ಹೊಡೆಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಇವರ ಗಾಡಿ ಓಡುವಾಗ ನಿಂತುಹೋಗಿದೆ, ಆ ಕಾಂಟ್ಯಾಕ್ಟ್ ಬೇರೆ, ಅದಕ್ಕೆ ಬಟನ್‌ನಿಂದ ಏನೂ ಉಪಯೋಗವಿಲ್ಲ.

ಉತ್ತರ – ನಿವೃತ್ತ ವರ್ಕ್‌ಶಾಪ್ ಮೇಲ್ವಿಚಾರಕ, ಮೈಸೂರು

ಮೇಲೆ ಹೇಳಿದ ಪರೀಕ್ಷೆಗೆ ಸೇರಿಸಬೇಕಾದ ಎರಡು ಮಾತುಗಳಿವೆ. ಮೊದಲನೆಯದು, ಗಾಡಿಯ ಜೊತೆ ಬಂದ ಎರಡನೆಯ ಕೀ ಬೀರುವಿನಲ್ಲಿ ಬಳಸದೆ ಉಳಿದಿದ್ದರೆ ಅದನ್ನು ಹಾಕಿ ನೋಡಿ. ದಿನವೂ ಬಳಸುವ ಕೀಯ ಹಲ್ಲುಗಳು ಸವೆದು ಮೊಂಡಾಗಿರುತ್ತವೆ. ಅದನ್ನೇ ಕೊಟ್ಟು ನಕಲು ಮಾಡಿಸಿದರೆ ಸವಕಳಿಯ ನಕಲೂ ಆಗುತ್ತದೆ. ಬೀರುವಿನ ಕೀಯನ್ನು ಇಂಜಿನ್ ಓಡುವಾಗ ಎಳೆದರೆ ಹೊರಬರದಿದ್ದರೆ ಲಾಕ್ ಇನ್ನೂ ಕೆಲವು ಕಾಲ ಬಾಳುತ್ತದೆ. ಬಂದರೆ ಲಾಕಿನ ಒಳಗಿನ ಪ್ಲೇಟುಗಳೂ ಮುಗಿದಿವೆ.

ಎರಡನೆಯದು, ನಿಮ್ಮ ಕೀ ಗೊಂಚಲಿನಲ್ಲಿ ಎಷ್ಟು ಕೀಗಳು ತೂಗುತ್ತಿವೆ? ಇದು ಸಣ್ಣ ಮಾತಲ್ಲ. 2014ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸುಮಾರು 26 ಲಕ್ಷ ಕಾರುಗಳನ್ನು ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿಯೇ ಹಿಂದಕ್ಕೆ ಕರೆಯಿತು. ಸ್ವಿಚ್ಚನ್ನು ‘ಆನ್’ ಸ್ಥಾನದಲ್ಲಿ ಹಿಡಿದಿಡುವ ಬಿಗಿ ಸಾಲದೆ, ಗೊಂಚಲಿನ ಭಾರಕ್ಕೋ ಚಾಲಕನ ಮೊಣಕಾಲು ತಾಗಿಯೋ ಕೀ ಹಿಂದಕ್ಕೆ ಜಾರುತ್ತಿತ್ತು. ಇಂಜಿನ್ ನಿಲ್ಲುತ್ತಿತ್ತು, ಸ್ಟಿಯರಿಂಗ್ ಬಿಗಿಯಾಗುತ್ತಿತ್ತು, ಡಿಕ್ಕಿಯಾದರೆ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿಯು 124 ಸಾವುಗಳಿಗೆ ಪರಿಹಾರ ಕೊಟ್ಟಿತು. ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇರಲಾರದು. ಆದರೆ ಇಂಜಿನ್ ನಿಂತರೆ ಬ್ರೇಕ್ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಲೋಡ್ ಗಾಡಿಗೆ ಇಳಿಜಾರಿನಲ್ಲಿ ಅದು ಸಾಲದು. ರಿಪೇರಿ ಆಗುವವರೆಗೆ ರಾತ್ರಿ ಓಡಿಸಬೇಡಿ.

ಪ್ರಶ್ನಿಸಿದವರು – ಮುಳಬಾಗಿಲು ಟೊಮೆಟೊ

ಇಂದು ಬೆಳಿಗ್ಗೆ ಅಳೆದು ನೋಡಿದೆ. ಕೀ ತೆಗೆದರೂ ಹೆಡ್‌ಲೈಟ್ ಉರಿಯುತ್ತದೆ. ಸೆಲ್ಫ್ ಹೊಡೆಯುವಾಗ 30 ಮತ್ತು 50ರ ನಡುವೆ ಒಮ್ಮೆ 2.9 ವೋಲ್ಟ್, ಇನ್ನೊಮ್ಮೆ 2.4. ಮೂರನೆಯ ಸಲ ಸೆಲ್ಫ್ ಹೊಡೆಯಲೇ ಇಲ್ಲ, ಮೀಟರ್ 12.5ರಲ್ಲೇ ನಿಂತಿತು. 15ರ ಕಡೆ ಸುಮ್ಮನಿದ್ದಾಗ 1.1, ಕೀಯನ್ನು ಕೆಳಕ್ಕೆ ಒತ್ತಿದಾಗ ಅಂಕಿ ಹನ್ನೆರಡಕ್ಕೆ ಹಾರಿ ದೀಪಗಳು ಮಿಟುಕಿ ಆರಿದವು. ಬೀರುವಿನ ಕೀ ಸಿಕ್ಕಿತು, ಅದು ಹೊರಬರುವುದಿಲ್ಲ! ಗೊಂಚಲಿನಲ್ಲಿ ಪಂಪ್‌ಹೌಸಿನದೂ ಸೇರಿ ಒಂಬತ್ತು ಕೀಗಳಿದ್ದವು.

ಉತ್ತರ – ದಾವಣಗೆರೆ ಆಟೋ ಎಲೆಕ್ಟ್ರಿಷಿಯನ್

ಸಂದೇಹವೇ ಉಳಿಯಲಿಲ್ಲ, ಹಿಂದಿನ ಸ್ವಿಚ್ ಒಂದನ್ನೇ ಬದಲಾಯಿಸಿ. ಲಾಕ್ ಬಿಚ್ಚುವುದು ಬೇಡ. ಅದರ ಬೋಲ್ಟ್‌ಗಳ ತಲೆಯನ್ನು ಕಳ್ಳರ ಭಯಕ್ಕೆ ಮುರಿದೇ ಕೂರಿಸಿರುತ್ತಾರೆ, ತೆಗೆಯಲು ಡ್ರಿಲ್ ಹಾಕಬೇಕಾಗುತ್ತದೆ.

ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಸರಿಸಿ. ಆ ದಪ್ಪ ವಯರಿನಲ್ಲಿ ಕೀ ಆಫ್ ಇದ್ದಾಗಲೂ ಕರೆಂಟ್ ಇರುತ್ತದೆ, ಸ್ಕ್ರೂ ಡ್ರೈವರ್ ತಾಗಿದರೆ ನಿಜಕ್ಕೂ ವೈರಿಂಗ್ ಬದಲಿಸಬೇಕಾದೀತು. ಕಪ್ಲರ್ ತೆಗೆದ ಮೇಲೆ ಅದರ ಪಿನ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ದಪ್ಪ ವಯರಿನ ಪಿನ್ ಕಂದು ಬಣ್ಣಕ್ಕೆ ತಿರುಗಿ ಪ್ಲಾಸ್ಟಿಕ್ ಕರಗಿದ್ದರೆ ಆ ಪಿನ್ನನ್ನೂ ಹೊಸದಾಗಿ ಕ್ರಿಂಪ್ ಮಾಡಿಸಿ. ಇದನ್ನು ಬಿಟ್ಟವರು ಆರು ತಿಂಗಳಲ್ಲಿ ಮತ್ತೆ ಬಂದಿದ್ದನ್ನು ನಾನು ಕಂಡಿದ್ದೇನೆ. ಕೀ ‘ಆಫ್’ನಲ್ಲಿದ್ದಾಗಲೇ ಹಳೆಯ ಸ್ವಿಚ್ ಹೊರತೆಗೆಯಿರಿ, ಹೊಸದರ ಮಧ್ಯದ ಸೀಳೂ ‘ಆಫ್’ ಸ್ಥಾನದಲ್ಲಿದ್ದು ಲಾಕಿನ ನಾಲಗೆಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಸ್ಕ್ರೂ ಬಿಗಿಮಾಡಿ ಕೂರಿಸಲು ಹೋಗಬೇಡಿ, ಒಡೆಯುತ್ತದೆ.

ಜೊತೆಗೆ ಒಂದು ನಾಲ್ಕು ಪಿನ್ನಿನ ರಿಲೇ ಹಾಕಿ. ಕೀಯಿಂದ ಸೆಲ್ಫ್‌ಗೆ ಹೋಗುತ್ತಿದ್ದ ವಯರ್ ರಿಲೇಯ 86ಕ್ಕೆ, 85 ಬಾಡಿ ಅರ್ಥ್‌ಗೆ, 30 ಬ್ಯಾಟರಿಯಿಂದ ಫ್ಯೂಸ್ ಮೂಲಕ, 87 ಸೊಲೆನಾಯ್ಡ್‌ಗೆ. ಹೀಗೆ ಮಾಡಿದರೆ ಭಾರವೆಲ್ಲ ರಿಲೇ ಹೊರುತ್ತದೆ, ಸ್ವಿಚ್ಚಿನ ಸೆಲ್ಫ್ ಕಾಂಟ್ಯಾಕ್ಟ್ ಮೇಲೆ ಅರ್ಧ ಆಂಪಿಯರ್ ಕೂಡ ಬೀಳುವುದಿಲ್ಲ. ಲಾಕಿಗೆ ಎಣ್ಣೆ ಬಿಡಬೇಡಿ, ಅದು ಧೂಳನ್ನು ಹಿಡಿದಿಡುತ್ತದೆ. ಗ್ರಾಫೈಟ್ ಪುಡಿ ಸಾಕು.

ಪ್ರಶ್ನಿಸಿದವರು – ಮುಳಬಾಗಿಲು ಟೊಮೆಟೊ

ಕೆಲಸ ಮುಗಿಯಿತು. ಹಳೆಯ ಸ್ವಿಚ್ಚನ್ನು ಕುತೂಹಲಕ್ಕೆ ಬಿಡಿಸಿ ನೋಡಿದೆ. ಒಳಗಿನ ತಾಮ್ರದ ಪಟ್ಟಿಯ ಒಂದು ತುದಿಯಲ್ಲಿ ಜೋಳದ ಕಾಳು ಕೂರುವಷ್ಟು ಗುಳಿ ಬಿದ್ದಿತ್ತು, ಸುತ್ತಲೂ ಕಾಡಿಗೆಯಂಥ ಮಸಿ ಹಿಡಿದಿತ್ತು, ಪಟ್ಟಿಯನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್ ಕಾವಿಗೆ ನೀಲಿಗಟ್ಟಿ ಬಲ ಕಳೆದುಕೊಂಡಿತ್ತು. ಕಪ್ಲರಿನ ಒಂದು ಪಿನ್ ನೀವು ಹೇಳಿದಂತೆಯೇ ಕಂದಾಗಿತ್ತು, ಅದನ್ನೂ ಬದಲಾಯಿಸಿದೆವು. ಈಗ 30 ಮತ್ತು 15ರ ನಡುವೆ 0.1 ವೋಲ್ಟ್, ಸೆಲ್ಫ್ ಕಡೆ ರಿಲೇ ಹಾಕಿದ ಮೇಲೆ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತಿದೆ. ನಾಲ್ಕು ದಿನದಲ್ಲಿ ನಲವತ್ತು ಸಲವಾದರೂ ಸ್ಟಾರ್ಟ್ ಮಾಡಿದ್ದೇನೆ, ಒಮ್ಮೆಯೂ ತಪ್ಪಿಲ್ಲ. ಬೀರುವಿನ ಕೀಯನ್ನು ಕೊಟ್ಟು ಒಂದು ನಕಲು ಮಾಡಿಸಿದ್ದೇನೆ, ಗಾಡಿಯ ಕೀ ಈಗ ಒಂಟಿಯಾಗಿಯೇ ಇದೆ, ಪಂಪ್‌ಹೌಸಿನ ಗೊಂಚಲು ಬಾಗಿಲ ಪಕ್ಕದ ಮೊಳೆಗೆ ಹೋಯಿತು.