ಹೊಸ ಟ್ರೇಲ್ ಸೈಕಲ್‌ನಲ್ಲಿ ಮೂರು ವಾರ: ಫೋರ್ಕ್ ಬದಲಿಸಬೇಕಾ, ಬೇಡವಾ?

ಗುಡ್ಡೆದಾರಿ, ಮಣಿಪಾಲ

ಸೈಕಲ್ ಮನೆಗೆ ಬಂದು ಮೂರು ವಾರ ಆಯಿತು. ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ್ದು), ಅಲ್ಯೂಮಿನಿಯಂ ಫ್ರೇಮ್, 29 ಇಂಚಿನ ಚಕ್ರ, 2.4 ಇಂಚಿನ ಟೈರ್, ಮುಂದೆ 130 ಎಂಎಂ ಕುಗ್ಗುವ ಏರ್ ಫೋರ್ಕ್ (ಗಾಳಿ ತುಂಬಿದ ಸಸ್ಪೆನ್ಷನ್), ಹೆಡ್ ಆಂಗಲ್ (ಹ್ಯಾಂಡಲ್ ಕೂರುವ ಕೊಳವೆಯ ಓರೆ) 66 ಡಿಗ್ರಿ, ಮುಂದೆ ಒಂದೇ ಚೈನ್‌ರಿಂಗ್, ಹಿಂದೆ 12 ಗೇರ್. ಇದಕ್ಕೆ ಮೊದಲು ಇದ್ದದ್ದು 26 ಇಂಚಿನ ಹಳೆಯ ಎಂಟಿಬಿ (ಮೌಂಟನ್ ಬೈಕ್). ಅದರಲ್ಲಿ ಗೇರು ಮರದ ಬೇರು ಕಂಡ ಕೂಡಲೇ ಕೈ ತಾನಾಗಿ ಬ್ರೇಕ್‌ಗೆ ಹೋಗುತ್ತಿತ್ತು. ಇದರಲ್ಲಿ ಹಾಗಿಲ್ಲ. ದೊಡ್ಡ ಚಕ್ರ ಬೇರಿನ ಮೇಲೆ ಹತ್ತಿ ಇಳಿದದ್ದೇ ಗೊತ್ತಾಗುವುದಿಲ್ಲ, ನೇರ ಇಳಿಜಾರಿನಲ್ಲಿ ಸೈಕಲ್ ಅಲುಗಾಡದೆ ಹೋಗುತ್ತದೆ. ಮೊದಲ ದಿನ ಎಂಡ್ ಪಾಯಿಂಟ್‌ವರೆಗೆ ರಸ್ತೆಯಲ್ಲಿ ಹೋಗಿ, ಕೆಳಗೆ ಸ್ವರ್ಣಾ ನದಿ ನೋಡುತ್ತಾ ಕುಳಿತು, ವಾಪಸ್ ಬರುವಾಗ ಮನೆ ಹತ್ತಿರದ ಹಾಡಿಯಲ್ಲಿ ಕತ್ತಲಾಗುವವರೆಗೆ ಅದೇ ದಾರಿಯನ್ನು ಐದು ಸಲ ಇಳಿದೆ. ಅಷ್ಟು ಖುಷಿ ಆಗಿತ್ತು.

ಆದರೆ ಮೂರು ತೊಂದರೆ ಉಂಟು. ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಅತ್ತ ಇತ್ತ ಓಡುತ್ತದೆ. ಸಣ್ಣ ಸಣ್ಣ ಕಲ್ಲಿನ ಮೇಲೆ ಫೋರ್ಕ್ ಕೆಲಸವೇ ಮಾಡುವುದಿಲ್ಲ, ಒಂದು ಗಂಟೆ ಆದರೆ ಅಂಗೈ ಜುಮ್ಮೆನ್ನುತ್ತದೆ. ಮೂರನೆಯದು, ಕಳೆದ ಭಾನುವಾರ ಅಕೇಶಿಯಾ ತೋಪಿನೊಳಗೆ ಒಂದು ಎಡ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಬಿದ್ದೆ. ಮೊಣಕೈ ಚರ್ಮ ಹೋಗಿದೆ. ದೊಡ್ಡದೇನಲ್ಲ, ಆದರೆ ಈಗ ಆ ತಿರುವು ಬಂದರೆ ಹೆದರಿಕೆ ಆಗುತ್ತದೆ. ಈ ಫೋರ್ಕ್ ಸರಿ ಇಲ್ಲ ಅಂತ ನನ್ನ ಅಂದಾಜು. 40 ಸಾವಿರ ಕೂಡಿಟ್ಟಿದ್ದೇನೆ. 150 ಎಂಎಂ ಫೋರ್ಕ್ ಹಾಕಿಸಿ, ದುಡ್ಡು ಉಳಿದರೆ ಕಾರ್ಬನ್ ಹ್ಯಾಂಡಲ್‌ಬಾರ್ ತೆಗೆದುಕೊಳ್ಳಬೇಕು ಅಂತಿದ್ದೇನೆ. ಏನು ಹೇಳುತ್ತೀರಿ?

ಪಾದೆಕಲ್ಲು, ಕೊಣಾಜೆ

ಮಾರಾಯ್ರೆ, ದುಡ್ಡು ತೆಗೆಯಬೇಡಿ. ಮೊದಲು ಎರಡು ಲೆಕ್ಕ ಹೇಳಿ. ಟೈರ್‌ನಲ್ಲಿ ಎಷ್ಟು ಪಿಎಸ್‌ಐ ಗಾಳಿ ಉಂಟು? ಫೋರ್ಕ್‌ನಲ್ಲಿ ಎಷ್ಟು ಉಂಟು? ನಿಮ್ಮ ತೂಕವನ್ನೂ ಹೇಳಿ.

ಗುಡ್ಡೆದಾರಿ, ಮಣಿಪಾಲ

ತೂಕ 74 ಕೆಜಿ. ಟೈರ್ ಈಗ ನೋಡಿದೆ, ಎರಡರಲ್ಲೂ 45. ಫೋರ್ಕ್ ನೋಡಲು ನನ್ನ ಹತ್ತಿರ ಪಂಪ್ ಇಲ್ಲ. ಅಂಗಡಿಯಲ್ಲಿ ಜೋಡಿಸಿ ಕೊಡುವಾಗ ಎಲ್ಲ ಸೆಟ್ ಮಾಡಿದ್ದೇವೆ ಅಂದಿದ್ದರು.

ಪಾದೆಕಲ್ಲು, ಕೊಣಾಜೆ

45! ನೀವು ಬಿದ್ದದ್ದಕ್ಕೆ ಇದೇ ಕಾರಣ ಇರಬೇಕು. ನಮ್ಮ ಮುರಕಲ್ಲಿನ ಗುಡ್ಡೆ ಹೇಗೆ ಅಂದರೆ, ಕೆಳಗೆ ಸಿಮೆಂಟಿನ ಹಾಗೆ ಗಟ್ಟಿ ನೆಲ, ಅದರ ಮೇಲೆ ಗೋಲಿ ಚೆಲ್ಲಿದ ಹಾಗೆ ಕೆಂಪು ಜಲ್ಲಿ. ಮುರಕಲ್ಲು ನೆಲದೊಳಗೆ ಇರುವಾಗ ಮೆತ್ತಗೆ, ಕೊಡಲಿಯಲ್ಲೇ ಕಡಿಯಬಹುದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ ಆಗುತ್ತದೆ. ಹಾಗಾಗಿಯೇ ಅಲ್ವಾ ಅದರಿಂದ ಮನೆ ಕಟ್ಟುವುದು. 1807ರಲ್ಲಿ ಬುಕಾನನ್ ಎನ್ನುವ ಬ್ರಿಟಿಷ್ ಅಧಿಕಾರಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದೂ ಲ್ಯಾಟಿನ್‌ನ ಇಟ್ಟಿಗೆ ಎನ್ನುವ ಪದದಿಂದ. ಟೈರ್ ಒಳಗೆ 45 ಇದ್ದರೆ ಟೈರೂ ಕಲ್ಲು, ನೆಲವೂ ಕಲ್ಲು, ಮಧ್ಯದಲ್ಲಿ ಗೋಲಿ. ಹಿಡಿತ ಎಲ್ಲಿಂದ ಬರಬೇಕು? ಗಾಳಿ ಕಡಿಮೆ ಇದ್ದರೆ ಟೈರ್ ಅಗಲ ಆಗಿ, ಜಲ್ಲಿಯ ಸುತ್ತ ಬಗ್ಗಿ, ಕೆಳಗಿನ ಗಟ್ಟಿ ನೆಲವನ್ನೂ ಹಿಡಿಯುತ್ತದೆ.

2.4 ಇಂಚಿನ ಟೈರ್, 74 ಕೆಜಿ ಅಂದರೆ ಟ್ಯೂಬ್ ಇರುವಾಗ ಮುಂದೆ 27, ಹಿಂದೆ 30 ಹಾಕಿ ನೋಡಿ. ಟ್ಯೂಬ್‌ಲೆಸ್ ಮಾಡಿಸಿದರೆ ಮುಂದೆ 21-22, ಹಿಂದೆ 24-25ಕ್ಕೆ ಇಳಿಸಬಹುದು. ಇದು ಪೂರ್ತಿ ಉಚಿತ. ವಾಲ್ವ್ ಒತ್ತಿದರೆ ಆಯಿತು.

ಸುರತ್ಕಲ್29

ಟ್ಯೂಬ್ ಇರುವಾಗ ತೀರಾ ಇಳಿಸಬೇಡಿ. ಮುರಕಲ್ಲಿನ ಅಂಚು ಬಡಿದರೆ ಟ್ಯೂಬ್ ರಿಮ್‌ಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ನನಗೆ ಒಂದೇ ದಿನ ಎರಡು ಸಲ ಆಗಿದೆ, ಕೊನೆಗೆ ನಾಲ್ಕು ಕಿಲೋಮೀಟರ್ ತಳ್ಳಿಕೊಂಡು ಬಂದೆ. ಟ್ಯೂಬ್‌ಲೆಸ್‌ಗೆ ಮಾತ್ರ ನಾನು ಧೈರ್ಯವಾಗಿ ಖರ್ಚು ಮಾಡಿ ಅನ್ನುತ್ತೇನೆ. ಬಿದಿರಿನ ಮುಳ್ಳು ಚುಚ್ಚಿದರೂ ಟೈರ್ ಒಳಗೆ ಹಾಕಿದ ಸೀಲೆಂಟ್ ದ್ರವ ತೂತನ್ನು ಮುಚ್ಚುತ್ತದೆ. ಆದರೆ ನಮ್ಮ ಸೆಕೆಗೆ ಸೀಲೆಂಟ್ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ವಾಲ್ವ್ ತೆಗೆದು ನೋಡಿ.

ಎರಡುಚಕ್ರ, ಕದ್ರಿ

ಟೈರ್ ವಿಷಯ ಒಪ್ಪಿದೆ. ಆದರೆ ಏನೂ ತೆಗೆದುಕೊಳ್ಳಬೇಡಿ ಎನ್ನುವುದು ಸರಿಯಲ್ಲ. ಡ್ರಾಪರ್ ಪೋಸ್ಟ್, ಅಂದರೆ ಓಡಿಸುತ್ತಲೇ ಸೀಟು ಇಳಿಸಿ ಏರಿಸುವ ಕಂಬ, ಇಲ್ಲದ ಟ್ರೇಲ್ ಸೈಕಲ್ ಅರ್ಧ ಸೈಕಲ್. ಇಳಿಜಾರಿನಲ್ಲಿ ಸೀಟು ಎತ್ತರಕ್ಕೆ ಇದ್ದರೆ ಮೈ ಕೆಳಗೆ ತರಲು ಆಗುವುದಿಲ್ಲ, ಹೆದರಿ ಹಿಂದಕ್ಕೆ ಜಗ್ಗುತ್ತೇವೆ. ಹಿಂದಕ್ಕೆ ಜಗ್ಗಿದರೆ ಮುಂದಿನ ಚಕ್ರದ ಮೇಲೆ ಭಾರ ಇರುವುದಿಲ್ಲ. ಭಾರ ಇಲ್ಲದ ಚಕ್ರ ತಿರುವಿನಲ್ಲಿ ಜಾರುತ್ತದೆ. ಅಣ್ಣ ಬಿದ್ದದ್ದು ಹೀಗೇ ಇರಬಹುದು, ಟೈರ್ ಒಂದನ್ನೇ ದೂರಬೇಡಿ. ನಾನು ಎರಡು ವರ್ಷ ಡ್ರಾಪರ್ ಇಲ್ಲದೆ ಓಡಿಸಿದೆ. ಹಾಕಿಸಿದ ಮೊದಲ ದಿನವೇ ಅದೇ ಹಳೆಯ ದಾರಿ ಬೇರೆ ದಾರಿಯ ಹಾಗೆ ಕಂಡಿತು.

ಕಬ್ಬಿಣದಕುದುರೆ, ಕಾರ್ಕಳ

ನನ್ನ ಹತ್ತಿರ ಇರುವುದು ಸಸ್ಪೆನ್ಷನ್ ಇಲ್ಲದ ಸ್ಟೀಲ್ ಸೈಕಲ್. ಇದೇ ಗುಡ್ಡೆಗಳಲ್ಲಿ 15 ವರ್ಷ ಓಡಿಸಿದ್ದೇನೆ. ಈ ಆಟ ಶುರು ಆದದ್ದು ಹೇಗೆ ಗೊತ್ತಲ್ವಾ? 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹುಡುಗರು ಹಳೇ ದಪ್ಪ ಟೈರ್ ಸೈಕಲ್ ಹಿಡಿದು ಗುಡ್ಡೆ ಇಳಿಯುವ ರೇಸ್ ಇಟ್ಟರು. ರೇಸ್‌ನ ಹೆಸರು ರಿಪ್ಯಾಕ್. ಪೆಡಲ್ ಹಿಂದಕ್ಕೆ ತಿರುಗಿಸಿದರೆ ಹಿಡಿಯುವ ಬ್ರೇಕ್ ಅವರದ್ದು, ಒಂದು ಸಲ ಇಳಿಯುವಷ್ಟರಲ್ಲಿ ಹಬ್ (ಚಕ್ರದ ನಡುವಿನ ಗುಂಬ) ಒಳಗಿನ ಗ್ರೀಸ್ ಬಿಸಿಗೆ ಹೊಗೆ ಆಗಿ ಹೋಗುತ್ತಿತ್ತು, ಮತ್ತೆ ತುಂಬಿಸಬೇಕಿತ್ತು. ಅದಕ್ಕೇ ಆ ಹೆಸರು. ಡ್ರಾಪರ್ ಇಲ್ಲ, ಸಸ್ಪೆನ್ಷನ್ ಫೋರ್ಕ್ ಇಲ್ಲ. ಮೊದಲು ಓಡಿಸಲು ಕಲಿಯಬೇಕು, ಸಾಮಾನು ಆಮೇಲೆ.

ಎರಡುಚಕ್ರ, ಕದ್ರಿ

ಅವರು ಹಾಗೆ ಓಡಿಸಿದ್ದು ಬೇರೆ ಇರಲಿಲ್ಲ ಅಂತ. ಪ್ರತಿ ಸಲ ಗ್ರೀಸ್ ತುಂಬಿಸಿ ಬೇಸತ್ತ ಕಾರಣಕ್ಕೇ ಒಳ್ಳೆಯ ಬ್ರೇಕ್ ಹುಡುಕಿದರು. ಸೈಕಲ್ ತಾವೇ ಬಿಚ್ಚಿ ಬದಲಾಯಿಸಿ ನೋಡಿದವರಿಂದಲೇ ಅಲ್ವಾ ಇವತ್ತಿನ ಎಂಟಿಬಿ ಬಂದದ್ದು? ಕಲಿಯುವವರಿಗೆ ಸಾಮಾನು ಬೇಡ ಎನ್ನುವ ಮಾತು ನನಗೆ ಹಿಡಿಸುವುದಿಲ್ಲ. ಹೆದರಿಕೆ ಕಡಿಮೆ ಆದರೆ ಕಲಿಕೆ ಬೇಗ ಆಗುತ್ತದೆ.

ಕಬ್ಬಿಣದಕುದುರೆ, ಕಾರ್ಕಳ

ಆ ಮಾತು ಒಪ್ಪುತ್ತೇನೆ, ಬೇಡವೇ ಬೇಡ ಅಂತ ನಾನು ಹೇಳಲಿಲ್ಲ. ಮೂರು ವಾರದಲ್ಲಿ ಬೇಡ ಅಂದೆ. ಸೈಕಲ್‌ನ ಗುಣ ತಿಳಿಯಲು ಒಂದು ಮಳೆಗಾಲ, ಒಂದು ಬೇಸಿಗೆ ಬೇಕು. ಜುಲೈಯಲ್ಲಿ ಇದೇ ಪಾದೆಯ (ಬಂಡೆಯ) ಮೇಲೆ ಪಾಚಿ ಹಿಡಿದಾಗ ನಿಮ್ಮ ಲೆಕ್ಕವೆಲ್ಲ ಬೇರೆ ಆಗುತ್ತದೆ.

ಪಾದೆಕಲ್ಲು, ಕೊಣಾಜೆ

ಈಗ ಫೋರ್ಕ್ ವಿಷಯ. 130ಕ್ಕೆ ಮಾಡಿದ ಫ್ರೇಮ್‌ಗೆ 150 ಹಾಕಿದರೆ ಮುಂದಿನ ಭಾಗ 20 ಎಂಎಂ ಏರುತ್ತದೆ, ಹೆಡ್ ಆಂಗಲ್ ಸುಮಾರು ಒಂದು ಡಿಗ್ರಿ ಮಲಗುತ್ತದೆ, ಸೀಟೂ ಅಷ್ಟೇ ಹಿಂದಕ್ಕೆ ವಾಲುತ್ತದೆ. ಏರಿನಲ್ಲಿ ಮುಂದಿನ ಚಕ್ರ ಓಡುತ್ತದೆ ಎನ್ನುವುದೇ ನಿಮ್ಮ ದೂರು. ಅದು ಇನ್ನೂ ಜಾಸ್ತಿ ಆಗುತ್ತದೆ! ಫ್ರೇಮ್ ಕಂಪನಿ ಅಷ್ಟು ಉದ್ದದ ಫೋರ್ಕ್‌ಗೆ ಒಪ್ಪದಿದ್ದರೆ ವಾರಂಟಿಯೂ ಹೋಗುತ್ತದೆ.

ಬದಲಿಗೆ ಹೀಗೆ ಮಾಡಿ. ಶಾಕ್ ಪಂಪ್ ಒಂದು ತೆಗೆದುಕೊಳ್ಳಿ, ಟೈರ್ ಪಂಪ್ ಇದಕ್ಕೆ ಆಗುವುದಿಲ್ಲ. ಹೆಲ್ಮೆಟ್, ಬ್ಯಾಗ್, ನೀರು ಎಲ್ಲ ಹಾಕಿಕೊಂಡು, ಗೋಡೆ ಹಿಡಿದು ಪೆಡಲ್ ಮೇಲೆ ನಿಲ್ಲಿ. ಫೋರ್ಕ್ ಕಾಲಿನ ಮೇಲಿರುವ ರಬ್ಬರ್ ಬಳೆಯನ್ನು ಕೆಳಗೆ ದೂಡಿ, ಮೆಲ್ಲ ಇಳಿಯಿರಿ. ಬಳೆ ಎಷ್ಟು ಮೇಲೆ ಹೋಗಿದೆ ಅಂತ ಅಳೆಯಿರಿ. 130ರಲ್ಲಿ ಶೇಕಡಾ 20 ಅಂದರೆ 26 ಎಂಎಂ. ಬಳೆ ಅಷ್ಟು ಹೋಗುವ ಹಾಗೆ ಫೋರ್ಕ್‌ನ ಗಾಳಿ ಹೊಂದಿಸಿ, ಅಲ್ಲಿಂದ ಶುರು ಮಾಡಿ. ಮತ್ತೆ ರಿಬೌಂಡ್, ಅಂದರೆ ಕುಗ್ಗಿದ ಫೋರ್ಕ್ ಮತ್ತೆ ಮೇಲೆ ಏಳುವ ವೇಗ. ಅದಕ್ಕಿರುವುದು ಕೆಳಗಿನ ಕೆಂಪು ಗುಂಡಿ. ಪೂರ್ತಿ ನಿಧಾನಕ್ಕೆ ತಿರುಗಿಸಿದ್ದರೆ ಒಂದರ ಹಿಂದೆ ಒಂದು ಕಲ್ಲು ಬಂದಾಗ ಫೋರ್ಕ್‌ಗೆ ಮೇಲೆ ಏಳಲು ಸಮಯವೇ ಸಿಗದು, ಕುಗ್ಗುತ್ತಾ ಕುಗ್ಗುತ್ತಾ ಗಟ್ಟಿ ಆಗುತ್ತದೆ. ನಡುವಿಗೆ ತನ್ನಿ, ಒಂದೊಂದು ಕ್ಲಿಕ್ ಬದಲಿಸಿ, ಅದೇ ನೂರು ಮೀಟರ್ ದಾರಿಯಲ್ಲಿ ಮತ್ತೆ ಮತ್ತೆ ಇಳಿದು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಏರಿಗೆ, ಸೀಟನ್ನು ಅದರ ಕಂಬಿಯ ಮೇಲೆ 8-10 ಎಂಎಂ ಮುಂದೆ ತನ್ನಿ, ಸ್ಟೆಮ್ (ಹ್ಯಾಂಡಲ್‌ಬಾರ್ ಹಿಡಿದಿರುವ ತುಂಡು) ಕೆಳಗಿನ ಒಂದು ಸ್ಪೇಸರ್ ಬಳೆ ತೆಗೆದು ಮೇಲೆ ಹಾಕಿ, ಹ್ಯಾಂಡಲ್ ತಗ್ಗುತ್ತದೆ. ಸೀಟಿನ ತುದಿಗೆ ಬಂದು, ಮೊಣಕೈ ಬಗ್ಗಿಸಿ, ಎದೆ ತಗ್ಗಿಸಿ ತುಳಿಯಿರಿ.

ಸುರತ್ಕಲ್29

ಹ್ಯಾಂಡಲ್‌ಬಾರ್ ಎಷ್ಟು ಅಗಲ? ಈಗಿನವು 780 ಬರುತ್ತವೆ. ನನಗೆ ಭುಜ ನೋಯುತ್ತಿತ್ತು, ಎರಡೂ ಕಡೆ 10 ಎಂಎಂ ಕತ್ತರಿಸಿ 760 ಮಾಡಿದೆ, ಈಗ ಆರಾಮ. ಆದರೆ ಕತ್ತರಿಸುವ ಮೊದಲು ಗ್ರಿಪ್, ಬ್ರೇಕ್ ಎಲ್ಲ ಒಳಗೆ ಸರಿಸಿ ಒಂದು ವಾರ ಓಡಿಸಿ ನೋಡಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಿಕ್ಕೆ ಆಗುವುದಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಬ್ರೇಕ್. ಹೊಸ ಪ್ಯಾಡ್‌ಗಳನ್ನು ಪಳಗಿಸಿದ್ದೀರಾ? ಸಮ ರಸ್ತೆಯಲ್ಲಿ ವೇಗ ತೆಗೆದುಕೊಂಡು, ಚಕ್ರ ಲಾಕ್ ಆಗದ ಹಾಗೆ ಗಟ್ಟಿಯಾಗಿ ಹಿಡಿದು ನಿಧಾನ ಮಾಡುವುದು, ಹೀಗೆ ಒಂದು 20 ಸಲ. ಮಾಡದಿದ್ದರೆ ಹಿಡಿತ ಅರ್ಧಕ್ಕರ್ಧ. ನಾನು ಮಾಡದೆ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿದೆ. 14 ತಿರುವಿನಲ್ಲೂ ಬ್ರೇಕ್ ಹಿಡಿದುಕೊಂಡೇ ಇದ್ದೆ, ಕೆಳಗೆ ತಲುಪುವಾಗ ಸುಟ್ಟ ವಾಸನೆ, ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಒಳಗೆ ಬರುತ್ತಿತ್ತು. ಈಗ ನೆನೆಸಿದರೂ ಹೆದರಿಕೆ. ಬ್ರೇಕ್ ಎಳೆದು ಹಿಡಿಯಬೇಡಿ, ತಿರುವಿನ ಮೊದಲು ಗಟ್ಟಿಯಾಗಿ ಹಿಡಿದು ಬಿಟ್ಟುಬಿಡಿ, ಡಿಸ್ಕ್ ತಣಿಯಲಿ.

ಎರಡುಚಕ್ರ, ಕದ್ರಿ

ಹಾಗಾದರೆ ರೆಸಿನ್ ಪ್ಯಾಡ್ ತೆಗೆದು ಮೆಟಲ್ ಪ್ಯಾಡ್ ಹಾಕಬಹುದಲ್ಲ? ಬಿಸಿ ತಡೆಯುತ್ತದೆ, ಮಳೆಯಲ್ಲಿ ಕೆಂಪು ಕೆಸರಿಗೂ ಬೇಗ ಸವೆಯುವುದಿಲ್ಲ.

ಸುರತ್ಕಲ್29

ಹಾಕಬಹುದು, ಆದರೆ ಡಿಸ್ಕ್ ಮೇಲೆ ಏನು ಬರೆದಿದೆ ಅಂತ ಮೊದಲು ಓದಿ. ಕಡಿಮೆ ಬೆಲೆಯ ಡಿಸ್ಕ್‌ಗಳಲ್ಲಿ ರೆಸಿನ್ ಪ್ಯಾಡ್ ಮಾತ್ರ ಅಂತ ಬರೆದಿರುತ್ತದೆ. ಅಂಥದ್ದಕ್ಕೆ ಮೆಟಲ್ ಪ್ಯಾಡ್ ಹಾಕಿದರೆ ಡಿಸ್ಕೇ ಸವೆದು ಹೋಗುತ್ತದೆ. ಆಗ ಡಿಸ್ಕ್, ಪ್ಯಾಡ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಫ್ರೇಮ್, ಫೋರ್ಕ್ ಒಪ್ಪುವುದಾದರೆ ಮುಂದೆ 160ರ ಬದಲು 180 ಎಂಎಂ ಡಿಸ್ಕ್ ಹಾಕಿ, ಕಡಿಮೆ ಖರ್ಚಿಗೆ ಅಷ್ಟು ವ್ಯತ್ಯಾಸ ಬೇರೆ ಯಾವುದರಲ್ಲೂ ಸಿಗದು.

ಇನ್ನೊಂದು. ಪಡುಕೆರೆ, ಮಲ್ಪೆ ಕಡೆ ಕಡಲ ಬದಿಯಲ್ಲಿ ಓಡಿಸಿದ ದಿನ ಸೈಕಲನ್ನು ಸಿಹಿ ನೀರಿನಲ್ಲಿ ತೊಳೆದು, ಒರೆಸಿ, ಚೈನ್‌ಗೆ ಎಣ್ಣೆ ಹಾಕಿಯೇ ಮಲಗಿ. ಉಪ್ಪು ಗಾಳಿಗೆ ಒಂದು ರಾತ್ರಿ ಸಾಕು ಚೈನ್ ಕೆಂಪಗಾಗಲು. ಬೈಕ್ ತೊಳೆಯುವ ಪ್ರೆಷರ್ ಪೈಪ್ ಮಾತ್ರ ಹಬ್, ಬಾಟಮ್ ಬ್ರಾಕೆಟ್ (ಪೆಡಲ್‌ನ ಅಚ್ಚು ತಿರುಗುವ ಜಾಗ) ಕಡೆ ಹಿಡಿಯಬೇಡಿ, ಬೇರಿಂಗ್‌ಗೆ ನೀರು ನುಗ್ಗುತ್ತದೆ.

ಹೊಸಬಳು, ಉಡುಪಿ

ಓದುತ್ತಾ ಇದ್ದೇನೆ, ನಾನೂ ಮುಂದಿನ ತಿಂಗಳು ತೆಗೆದುಕೊಳ್ಳುವವಳು. ಒಂದು ಪ್ರಶ್ನೆ. ಒಬ್ಬಳೇ ಹೊಸ ದಾರಿ ಹುಡುಕಿಕೊಂಡು ಹೋಗುವುದು ಸರಿಯಾ?

ಕಬ್ಬಿಣದಕುದುರೆ, ಕಾರ್ಕಳ

ಗೊತ್ತಿಲ್ಲದ ದಾರಿಗೆ ಯಾರೂ ಒಬ್ಬರೇ ಹೋಗಬಾರದು, ಗಂಡಸರಾದರೂ. ನಮ್ಮಲ್ಲಿ ದೊಡ್ಡ ಅಪಾಯ ಅಂದರೆ ಬಿಟ್ಟುಹೋದ ಕೆಂಪುಕಲ್ಲಿನ ಕೋರೆಗಳು. ಹುಲ್ಲು ಬೆಳೆದ ಸಮ ಗುಡ್ಡೆ, ಅದರ ಮಧ್ಯೆ ಇದ್ದಕ್ಕಿದ್ದ ಹಾಗೆ ಗೋಡೆಯ ಹಾಗೆ ಕಡಿದ ಗುಂಡಿ, ಬೇಲಿ ಇಲ್ಲ, ಮಳೆಗಾಲದಲ್ಲಿ ಕತ್ತಿನ ತನಕ ನೀರು. ಮೊದಲ ಸಲ ದಾರಿಯನ್ನು ನಡೆದು ನೋಡಿ. ತೋಟದವರ ಜಾಗ ಆದರೆ ಕೇಳಿಯೇ ಹೋಗಿ, ಗೇರುಬೀಜದ ಸಮಯದಲ್ಲಿ ಬಿದ್ದ ಹಣ್ಣಿನ ಮೇಲೆ ಚಕ್ರ ಹಾಯಿಸಬೇಡಿ, ಅದು ಅವರ ವರ್ಷದ ದುಡಿಮೆ. ಸೋಮೇಶ್ವರ, ಕುದುರೆಮುಖದ ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಸೈಕಲ್ ಇಳಿಸಲೇಬೇಡಿ.

ಗುಡ್ಡೆದಾರಿ, ಮಣಿಪಾಲ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಶಾಕ್ ಪಂಪ್ ತಂದೆ. ಫೋರ್ಕ್‌ನಲ್ಲಿ ಇದ್ದದ್ದು 110 ಪಿಎಸ್‌ಐ, ಇಳಿದದ್ದು ಬರೀ 12 ಎಂಎಂ! 78ಕ್ಕೆ ತಂದೆ, ಈಗ 27. ರಿಬೌಂಡ್ ಪೂರ್ತಿ ಮುಚ್ಚಿತ್ತು, ಆರು ಕ್ಲಿಕ್ ತೆರೆದೆ. ಅಂಗೈ ಜುಮ್ಮೆನ್ನುವುದು ನಿಂತಿದೆ. ಟ್ಯೂಬ್‌ಲೆಸ್ ಮಾಡಿಸಿದೆ, ಮುಂದೆ 22, ಹಿಂದೆ 25. ಅಕೇಶಿಯಾ ತೋಪಿನ ಆ ಎಡ ತಿರುವಿಗೆ ಹೋಗಿ ಮೊದಲು ನಡೆದು ನೋಡಿದೆ, ಒಣ ಎಲೆಯ ಕೆಳಗೆ ಪೂರಾ ಜಲ್ಲಿ. ಆಮೇಲೆ ಮೆಲ್ಲ ಇಳಿದೆ, ಆಮೇಲೆ ಸ್ವಲ್ಪ ಜೋರು. ಏಳನೇ ಸಲ ಹಿಂದಿನ ಚಕ್ರ ಸ್ವಲ್ಪ ಜಾರಿತು, ಮುಂದಿನದು ಹಿಡಿದುಕೊಂಡೇ ಇತ್ತು. ಸೀಟು ಮುಂದೆ ತಂದ ಮೇಲೆ ಏರೂ ಪರವಾಗಿಲ್ಲ, ಪೂರ್ತಿ ಸರಿ ಆಗಿಲ್ಲ.

ಎರಡುಚಕ್ರ, ಕದ್ರಿ

ತುಂಬಾ ಸಂತೋಷ. ಆದರೆ ಇಳಿಯುವಾಗ ಸೀಟು ಎಲ್ಲಿತ್ತು?

ಗುಡ್ಡೆದಾರಿ, ಮಣಿಪಾಲ

ಪ್ರತಿ ಸಲ ಕೈಯಲ್ಲೇ ಇಳಿಸಿದೆ, ಮೇಲೆ ಹತ್ತುವಾಗ ಮತ್ತೆ ಏರಿಸಿದೆ. ಏಳು ಸಲ. ನೀವು ಹೇಳಿದ್ದು ಆಗ ಅರ್ಥ ಆಯಿತು. ಸೀಟ್ ಟ್ಯೂಬ್ ಅಳೆದೆ, 31.6 ಎಂಎಂ, ಒಳಗೆ ಬಾಟಲ್ ಬೋಲ್ಟ್‌ವರೆಗೆ 230 ಎಂಎಂ ಖಾಲಿ ಉಂಟು. 150 ಎಂಎಂ ಇಳಿಯುವ ಡ್ರಾಪರ್ ಇಷ್ಟರಲ್ಲಿ ಹಿಡಿಯುತ್ತದಾ, 125 ಸಾಕಾ?

ಎರಡುಚಕ್ರ, ಕದ್ರಿ

ತೆಗೆದುಕೊಳ್ಳುವ ಪೋಸ್ಟ್‌ನ ಚಿತ್ರದಲ್ಲಿ ಕಾಲರ್‌ನಿಂದ ಕೆಳಗೆ ಕೇಬಲ್ ಸಿಕ್ಕಿಸುವ ತುದಿಯವರೆಗೆ ಎಷ್ಟು ಅಂತ ನೋಡಿ. ನಿಮ್ಮ ಸೀಟು ಈಗ ಎಷ್ಟು ಎತ್ತರದಲ್ಲಿ ಉಂಟು ಎನ್ನುವುದೂ ಬೇಕು. ಪೆಡಲ್ ತುಳಿಯುವ ಎತ್ತರಕ್ಕೆ ಇಟ್ಟು, ಸೀಟ್ ಟ್ಯೂಬ್ ಬಾಯಿಯಿಂದ ಸೀಟಿನ ಕಂಬಿಯವರೆಗೆ ಅಳೆದು ಇಲ್ಲಿ ಹಾಕಿ, ಅದು 200 ದಾಟಿದರೆ 150 ಹಾಕಿಸೋಣ. ನನ್ನ ಹಳೆಯ 125 ಮನೆಯಲ್ಲಿ ಸುಮ್ನೆ ಬಿದ್ದಿದೆ, ಅದೂ 31.6. ಶನಿವಾರ ತರುತ್ತೇನೆ, ಒಂದು ವಾರ ಹಾಕಿ ನೋಡಿ, ಆಮೇಲೆ ದುಡ್ಡು ತೆಗೆಯಿರಿ.