10 x 12 ರೂಮಿನಲ್ಲಿ ಮಾಡೆಲ್ ರೈಲಿಗೆ ಟೇಬಲ್ ಕಟ್ಟುವುದು ಹೇಗೆ?

ಮಹಡಿ_ಲೈನ್, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಹಡಿಯಲ್ಲಿ 10 x 12 ಅಡಿ ರೂಮೊಂದು ಖಾಲಿ ಇದೆ. ಅಲ್ಲಿ ಎಚ್‌ಒ ಸ್ಕೇಲಿನ (ನಿಜದ ಅಳತೆಯ 87ರಲ್ಲಿ ಒಂದು ಭಾಗ) ರೈಲು ಲೇಔಟ್ ಮಾಡಬೇಕು ಅಂತ ಬಹಳ ಆಸೆ. ಎಂಜಿನ್, ಬೋಗಿ, ಒಂದಿಷ್ಟು ಹಳಿ ಆಗಲೇ ಇವೆ, ಈಗ ನೆಲದ ಮೇಲೇ ಓಡಿಸುತ್ತಿದ್ದೇನೆ. ಕಾರ್ಪೆಂಟರ್ ಹೇಳುವುದು, 18 ಎಂಎಂ ಪ್ಲೈವುಡ್ 8 x 4 ಶೀಟ್ ತಂದು ನಾಲ್ಕು ಕಾಲು ಕೊಟ್ಟರೆ ಮುಗೀತು ಅಂತ. ಅಷ್ಟು ಸಾಕಾ? ಬಾಗಿಲು ಒಳಕ್ಕೆ ತೆಗೆಯುತ್ತದೆ, ಎದುರಿಗೆ ಕಿಟಕಿ. ಮೇಲೆ ಶೀಟಿನ ಛಾವಣಿ, ಬೇಸಿಗೆಯಲ್ಲಿ ಕಾವು ಜಾಸ್ತಿ. ನಂದಿ ಹಾಲ್ಟ್ ಥರದ ಸಣ್ಣ ಸ್ಟೇಷನ್, ಹಿಂದೆ ಬೆಟ್ಟ, ಒಂದು ಹಳಿಯ ಮೇಲೆ ಇನ್ನೊಂದು ದಾಟಿಹೋಗುವ ಸೇತುವೆ, ಇಷ್ಟು ಬೇಕು.

ರೀಪರ್_ಪಟ್ಟಿ, ತುಮಕೂರು

ಶೀಟ್ ತರುವ ಮೊದಲು ಒಂದು ಕೆಲಸ ಮಾಡಿ. ಎದೆಮಟ್ಟದ ಕಪಾಟಿನ ಮುಂದೆ ನಿಂತು ಕೈ ಚಾಚಿ ನೋಡಿ, ಎಲ್ಲಿಯವರೆಗೆ ಎಟುಕುತ್ತದೆ ಅಂತ. ಆರಾಮಾಗಿ 24 ಇಂಚು, ಕಷ್ಟಪಟ್ಟರೆ 30. ನಾಲ್ಕಡಿ ಶೀಟನ್ನು ಗೋಡೆಗೆ ಒತ್ತಿ ಇಟ್ಟರೆ ಹಿಂದಿನ ಹಳಿ ಕೈಗೆ ಸಿಗುವುದಿಲ್ಲ. ಬೋಗಿ ಬಿದ್ದರೆ ಎತ್ತುವುದು ಹೇಗೆ? ಮಧ್ಯಕ್ಕೆ ಇಟ್ಟರೆ ಅಕ್ಕಪಕ್ಕ ಮೂರಡಿ, ತುದಿಗಳಲ್ಲಿ ಎರಡಡಿ ಉಳಿಯುತ್ತದೆ. ರೂಮು ಅಲ್ಲಿಗೆ ಮುಗಿಯಿತು. ತಿರುವಿನ ವಿಷಯವೂ ಇದೆ. ನಾಲ್ಕಡಿಯಲ್ಲಿ 18 ಇಂಚು ರೇಡಿಯಸ್, ಹೆಚ್ಚೆಂದರೆ ಹೊರಗಡೆ 22. ಐಸಿಎಫ್ (ಚೆನ್ನೈ ಕಾರ್ಖಾನೆಯ) ಬೋಗಿ ನಿಜದಲ್ಲಿ 21.3 ಮೀಟರ್, ಎಚ್‌ಒದಲ್ಲಿ 24 ಸೆಂಟಿಮೀಟರ್ ದಾಟುತ್ತದೆ. 18ರ ತಿರುವಿನಲ್ಲಿ ಅದರ ಹೊಟ್ಟೆ ಹಳಿಯಿಂದ ಒಳಕ್ಕೆ ನೇತಾಡುತ್ತದೆ, ನೋಡಕ್ಕೆ ಚೆನ್ನಾಗಿರಲ್ಲ.

ಗೋಡೆ ಸುತ್ತ 18 ಇಂಚು ಅಗಲದ ಶೆಲ್ಫ್ ಮಾಡಿ. ಮೂಲೆಗಳಲ್ಲಿ ಮಾತ್ರ ಒಳಗಡೆಗೆ ಒಂದು ತ್ರಿಕೋನ ತುಂಡು ಸೇರಿಸಿದರೆ 28-30 ಇಂಚಿನ ತಿರುವು ಬರುತ್ತದೆ. ಬರೀ 18 ಎಂಎಂ ಪ್ಲೈ ಶೀಟೇ 30 ಕೆಜಿ ಮೇಲೆ ತೂಗುತ್ತದೆ, ಕೆಳಗೆ ಚೌಕಟ್ಟು ಇಲ್ಲದಿದ್ದರೆ ಅದೂ ಬಾಗುತ್ತದೆ. ಗಟ್ಟಿತನ ಬರುವುದು ಚೌಕಟ್ಟಿನಿಂದ, ದಪ್ಪ ಪ್ಲೈನಿಂದಲ್ಲ. 3 x 1 ಇಂಚಿನ ಸಿಲ್ವರ್ ಓಕ್ ರೀಪರ್ (ಮರದ ಪಟ್ಟಿ) ತಗೊಂಡು ಅಂಚಿನ ಮೇಲೆ ನಿಲ್ಲಿಸಿ ನಾಲ್ಕಡಿ ಉದ್ದದ ಚೌಕಟ್ಟುಗಳನ್ನು ಮಾಡಿ, ಹದಿನಾರು ಇಂಚಿಗೊಂದು ಅಡ್ಡಪಟ್ಟಿ. ಮೇಲೆ 9 ಅಥವಾ 12 ಎಂಎಂ ಪ್ಲೈ ಸಾಕು. ತುದಿಯಲ್ಲಿ ಸ್ಕ್ರೂ ಹಾಕುವ ಮುಂಚೆ ಸಣ್ಣ ಡ್ರಿಲ್ ಬಿಟ್‌ನಲ್ಲಿ ತೂತು ಹೊಡೆಯಿರಿ, ಇಲ್ಲಾಂದ್ರೆ ಮರ ಸೀಳುತ್ತದೆ. ವೈರ್ ಹೋಗುವ ತೂತುಗಳನ್ನೂ ಪ್ಲೈ ಕೂರಿಸುವ ಮೊದಲೇ ಅಡ್ಡಪಟ್ಟಿಗಳಲ್ಲಿ ಮಾಡಿಕೊಳ್ಳಿ. ಎರಡು ಚೌಕಟ್ಟು ಸೇರುವ ಕಡೆ ಎರಡನ್ನೂ ಕ್ಲಾಂಪ್ ಹಾಕಿ ಬಿಗಿದು ಒಟ್ಟಿಗೇ ಡ್ರಿಲ್ ಮಾಡಿ, ಬೋಲ್ಟು ವಾಷರ್ ಹಾಕಿ. ನಾಳೆ ಮನೆ ಬದಲಾಯಿಸಿದರೂ ಬಿಚ್ಚಿಕೊಂಡು ಹೋಗಬಹುದು.

ಬಂಗಾರಪೇಟೆ_ಪ್ಯಾಸೆಂಜರ್, ಕೋಲಾರ

ತುಮಕೂರಿನ ಅಣ್ಣ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಸಾಮಿಲ್‌ನಿಂದ ತಂದ ರೀಪರನ್ನು ಅವತ್ತೇ ಕತ್ತರಿಸಬೇಡಿ. ಅದೇ ರೂಮಿನಲ್ಲಿ ಎರಡು ಮೂರು ವಾರ ಗಾಳಿಯಾಡುವಂತೆ ಜೋಡಿಸಿಡಿ. ಸೊಟ್ಟ ಆಗುವುದೆಲ್ಲ ಅಷ್ಟರಲ್ಲಿ ಆಗಿಹೋಗುತ್ತದೆ. ಆಮೇಲೆ ಎಲ್ಲಾ ಮುಖಕ್ಕೂ ವಾರ್ನಿಶ್ ಹೊಡೆಯಿರಿ. ಛಾವಣಿ ಶೀಟಿನ ಕಾವಿಗೆ ಹಳಿ ಹಿಗ್ಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಆದರೆ ಮಳೆಗಾಲ ಬೇಸಿಗೆ ಬದಲಾದಾಗ ಜಾಸ್ತಿ ಆಡುವುದು ಮರವೇ. ಅಲ್ಲಲ್ಲಿ ಹಳಿ ಜಾಯಿಂಟ್‌ನಲ್ಲಿ ಕೂದಲೆಳೆ ಸಂದು ಬಿಡಿ. ನಮ್ಮ ಕಡೆ ಗೆದ್ದಲು ಬೇರೆ, ಕಾಲುಗಳು ಕಬ್ಬಿಣದ್ದೇ ಇರಲಿ.

ಸೇತುವೆ ವಿಷಯ. 8 x 4ರಲ್ಲಿ ಹದವಾದ ಏರು ಇಟ್ಟುಕೊಂಡು ಅದು ಆಗುವುದಿಲ್ಲ. ಎಚ್‌ಒದಲ್ಲಿ ಕೆಳಗಿನ ಹಳಿಯಿಂದ ಮೇಲಿನ ಹಳಿಗೆ ಮೂರೂವರೆ ಇಂಚಾದರೂ ಬೇಕು. ಶೇಕಡಾ 2ರ ಏರು ಅಂದರೆ 50 ಇಂಚಿಗೆ ಒಂದು ಇಂಚು. ಹತ್ತಲು 175 ಇಂಚು, ಅಂದರೆ ಹದಿನಾಲ್ಕೂವರೆ ಅಡಿ. ಇಳಿಯಲೂ ಅಷ್ಟೇ. ಗೋಡೆ ಸುತ್ತ ಹೋದರೆ 40 ಅಡಿ ಹತ್ತಿರ ಸಿಗುತ್ತದೆ, ಅಲ್ಲಿ ಸಾಧ್ಯ. ಏರು ಇರುವ ಕಡೆ ಪ್ಲೈ ಅನ್ನು ಹಳಿಯಷ್ಟೇ ಅಗಲಕ್ಕೆ ಕತ್ತರಿಸಿ, ಮರದ ಗುಟ್ಟಗಳ (ಸಣ್ಣ ತುಂಡುಗಳ) ಮೇಲೆ ನಿಲ್ಲಿಸಿ. ಲಿನ್ ವೆಸ್ಟ್‌ಕಾಟ್ ಎಂಬ ಅಮೆರಿಕದವರು ಜನಪ್ರಿಯ ಮಾಡಿದ ಎಲ್-ಗರ್ಡರ್ (ಎರಡು ಪಟ್ಟಿ ಎಲ್ ಆಕಾರಕ್ಕೆ ಜೋಡಿಸಿದ ತೊಲೆ) ವಿಧಾನದಲ್ಲಿ ಸ್ಕ್ರೂಗಳೆಲ್ಲ ಕೆಳಗಿನಿಂದ ಬರುತ್ತವೆ. ಮೇಲೆ ಬೆಟ್ಟ ಕಟ್ಟಿದ ಮೇಲೂ ಗುಟ್ಟ ಸರಿಸಬಹುದು. ಏರಿಳಿತ ಜಾಸ್ತಿ ಇದ್ದರೆ ಅದೇ ಒಳ್ಳೆಯದು.

ನನ್ನ ಮನಸ್ಸಿನ ಮಾತು ಒಂದಿದೆ. ನಂದಿ ಹಾಲ್ಟ್ ಅಂದ್ರಿ, ಹಳೇ ನ್ಯಾರೋ ಗೇಜ್ ಯಾಕೆ ಮಾಡಬಾರದು? ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ ಹಾದು ಯಲಹಂಕದ ಕಡೆ ಹೋಗುತ್ತಿದ್ದ ಲೈನಿನ ಎರಡು ಹಳಿಗಳ ನಡುವೆ ಎರಡೂವರೆ ಅಡಿ, 762 ಎಂಎಂ. 87ರಿಂದ ಭಾಗಿಸಿದರೆ 8.76. ಇನ್ನೂ ಚಿಕ್ಕದಾದ ಎನ್ ಸ್ಕೇಲಿನ ಹಳಿ 9 ಎಂಎಂ, ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತದೆ! ಬ್ರಾಡ್ ಗೇಜ್‌ಗೆ ಲೆಕ್ಕದ ಪ್ರಕಾರ 19 ಎಂಎಂ ಬೇಕು, ನಾವೆಲ್ಲ ಎಚ್‌ಒದ 16.5 ಎಂಎಂ ಹಳಿಯಲ್ಲೇ ಓಡಿಸುತ್ತೇವೆ. ಈ ಪುಟ್ಟ ಗಾಡಿಗಳಿಗೆ 12 ಇಂಚಿನ ತಿರುವೇ ಧಾರಾಳ. ನಮ್ಮ ಜಿಲ್ಲೆಗಳ ಗಾಡಿ ಯಾರಾದರೂ ಒಬ್ಬರು ಮಾಡಲಿ ಅಂತ ಆಸೆ.

ಮಹಡಿ_ಲೈನ್, ಚಿಕ್ಕಬಳ್ಳಾಪುರ

ತುಂಬಾ ಥ್ಯಾಂಕ್ಸ್. ನ್ಯಾರೋ ಗೇಜ್ ಯೋಚನೆ ತಲೆಗೆ ಹತ್ತಿದೆ. ಮೊದಲು ಇರುವ ಎಂಜಿನ್‌ಗಳಿಗೆ ಎಚ್‌ಒ, ಸ್ಟೇಷನ್ ಪಕ್ಕದಲ್ಲಿ 9 ಎಂಎಂ ಲೈನಿಗೆ ಜಾಗ ಬಿಡುತ್ತೇನೆ. ಸೇತುವೆ ಸದ್ಯಕ್ಕೆ ಬೇಡ. ಗೋಡೆ ಸುತ್ತ ಅಂದರೆ ಬಾಗಿಲು ಹೇಗೆ ದಾಟುವುದು?

ರೀಪರ್_ಪಟ್ಟಿ, ತುಮಕೂರು

ಬಾಗಿಲನ್ನು ಹೊರಕ್ಕೆ ತೆಗೆಯುವಂತೆ ಕಾರ್ಪೆಂಟರ್ ಹತ್ತಿರ ಕೀಲು ಬದಲಾಯಿಸಿಕೊಳ್ಳಿ, ಸ್ವಂತ ಮನೆ ಅಲ್ವಾ. ಅಲ್ಲಿ ಎತ್ತಿ ತೆಗೆಯುವ ತುಂಡು ಮಾಡಿ: 12 ಎಂಎಂ ಪ್ಲೈನ ಡಬ್ಬಿ ಥರ, ಎರಡೂ ಕಡೆ ಒಂದು ಅಂಚಿನ ಮೇಲೆ ಕೂರಬೇಕು, ಜಾಗ ತಪ್ಪದಂತೆ ಎರಡೆರಡು ಗೂಟ. ಇದನ್ನು ಮಾತ್ರ ಮರೆಯಬೇಡಿ. ಅಕ್ಕಪಕ್ಕದ ಎರಡೆರಡು ಅಡಿ ಹಳಿಗೆ ಕರೆಂಟ್ ಈ ತುಂಡಿನ ಪ್ಲಗ್ ಮೂಲಕವೇ ಹೋಗಲಿ. ತುಂಡು ತೆಗೆದರೆ ಆ ಹಳಿಗೂ ಕರೆಂಟ್ ಇರುವುದಿಲ್ಲ, ಬರುತ್ತಿರುವ ಗಾಡಿ ಅಲ್ಲೇ ನಿಲ್ಲುತ್ತದೆ, ನೆಲಕ್ಕೆ ಬೀಳುವುದಿಲ್ಲ. ಶೆಲ್ಫಿನ ಎತ್ತರ 42 ಇಂಚು ಇಡಿ. ಕಿಟಕಿಗೆ ದಪ್ಪ ಪರದೆ ಹಾಕಿ.