ಅಪ್‌ಡೇಟ್: ಏಜೆಂಟ್ ಯಾರ ಕಡೆಯವರು ಅಂತ ಕೇಳಿಯೇ ಬಿಟ್ಟೆ

ಹೋದ ತಿಂಗಳು ಕೇಳಿದ್ದೆ: ಕಲಬುರಗಿಯ ಸೇಡಂ ರಸ್ತೆ ಕಡೆ 30×40 ಸೈಟು ನೋಡಿದ್ದೇವೆ, ತೋರಿಸಿದ ಏಜೆಂಟ್ ನಮ್ಮ ಪರವೋ, ಮಾರುವವರ ಪರವೋ ಅಂತ. ನೇರವಾಗಿ ಅವರನ್ನೇ ಕೇಳಿ ಅಂದಿದ್ದಿರಿ. ಕೇಳಿದೆ.

ಭಾನುವಾರ ಸೈಟಿನ ಕಲ್ಲಿನ ಹತ್ತಿರ ನಿಂತು, "ಅಣ್ಣಾರ, ನಿಮಗ ಕಮಿಷನ್ ಯಾರು ಕೊಡ್ತಾರ್ರಿ?" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಚಪ್ಪಲಿಗೆ ಅಂಟಿದ ಕರಿಮಣ್ಣನ್ನು ಕಲ್ಲಿಗೆ ಉಜ್ಜುತ್ತಾ, "ಎರಡೂ ಕಡೆಯಿಂದ ಬರ್ತದ್ರಿ, ಎರಡೆರಡು ಪರ್ಸೆಂಟ್" ಅಂದರು. ಎದೆ ಧಸಕ್ಕೆಂದಿತು. ನಾವು ಎಷ್ಟರವರೆಗೆ ಕೊಡಬಲ್ಲೆವು ಅಂತ ಮೊದಲ ದಿನವೇ ಅವರಿಗೆ ಹೇಳಿಬಿಟ್ಟಿದ್ದೆ. ಆ ಮಾತು ಮಾಲೀಕರ ಕಿವಿಗೂ ಬಿದ್ದಿರುತ್ತೆ, ಅಲ್ವಾ?

ವಕೀಲರ ಹತ್ತಿರ ಹೋದೆವು. ಇಬ್ಬರಿಂದ ತಗೊಳ್ಳೋದು ಮಾಮೂಲು, ಆದರೆ ಅದು ಇಬ್ಬರಿಗೂ ಮೊದಲೇ ಗೊತ್ತಿರಬೇಕು ಅಂದರು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ, ರೇರಾದಲ್ಲಿ ನೋಂದಣಿಯಾದ ಲೇಔಟ್‌ನ ಸೈಟು ಮಾರಿಸುವ ಏಜೆಂಟ್ ಕೂಡ ನೋಂದಣಿ ಮಾಡಿಸಿರಬೇಕು. ನಮ್ಮದು ಒಬ್ಬರ ಕೈಯಿಂದ ಕೊಳ್ಳುವ ಹಳೇ ಸೈಟು, ಆ ಆಸರೆ ಇಲ್ಲ.

ಈಗ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಸೈಟಿನ ಮೇಲೆ ಸಾಲ, ಅಡಮಾನ ಇದೆಯಾ ಅಂತ ತೋರಿಸುವ ಋಣಭಾರ ಪತ್ರ) ನಾವೇ ತೆಗೆಸಿದ್ದೇವೆ. ಕಾಗದಗಳನ್ನು ವಕೀಲರು ನೋಡುತ್ತಿದ್ದಾರೆ. ರೇಟಿನ ಮಾತು ಮಾಲೀಕರ ಜೊತೆ ನಮ್ಮ ಮಾವನೇ ಆಡುತ್ತಾರೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.